ಅಂಗಡಿ ಬಿಡದೇ ಅಧಿಕಾರಿ

ಪದವಿ ಐತಿ, ಸೈನ್ಯದ ಮೀಸಲು ಗುಪ್ತಚರ ಅಧಿಕಾರಿ ಆಗಬಹುದೇನ್ರಿ ಎಂದು ಕೇಳುವ ತರುಣರು ಹುನಗುಂದದಲ್ಲೂ ಇದ್ದಾರೆ. ಅವರಿಗೆ ತೆರೆದಿರುವ ಬಾಗಿಲು 1949ರಲ್ಲಿ ಶುರುವಾದ ಟೆರಿಟೋರಿಯಲ್ ಆರ್ಮಿ. ಒಳಗೆ ಹೋದ ಮೇಲೆ ಯಾವ ಕೆಲಸ ಎಂಬುದು ಸೇನೆಯ ಮರ್ಜಿ.

ವಯಸ್ಸು 18ರಿಂದ 42, ಪದವಿ, ಜೊತೆಗೆ ಸ್ವಂತ ದುಡಿಮೆ ಬೇಕು. ಇಳಕಲ್ಲಿನ ಸೀರೆ ಅಂಗಡಿಯವರೂ ಅರ್ಜಿ ಹಾಕಬಹುದು. ಪರೀಕ್ಷೆ, ಸಂದರ್ಶನ ದಾಟಿದರೆ ವರ್ಷಕ್ಕೆ ಎರಡು ತಿಂಗಳ ತರಬೇತಿ. ಮೊದಲೆರಡು ವರ್ಷಗಳಲ್ಲಿ ಮತ್ತೆ ಮೂರು ತಿಂಗಳು. ತರಬೇತಿಗೆ ಇಲ್ಲವೇ ಸೇವೆಗೆ ಕರೆದಾಗಷ್ಟೇ ಸಂಬಳ.

ಕರೆ ಬರೀ ಕಾಗದದ ಮಾತಲ್ಲ. 2025ರ ಮೇ ತಿಂಗಳಲ್ಲಿ ಈ ಪಡೆಯನ್ನು ಕರೆಸುವ ಅಧಿಕಾರವನ್ನು ಕೇಂದ್ರ ಸರ್ಕಾರ ಸೇನಾ ಮುಖ್ಯಸ್ಥರಿಗೆ ಕೊಟ್ಟಿತು.

ಇದು ಕಾಯಂ ನೌಕರಿಯಲ್ಲ. ಕೊಡಿಸ್ತೀನಿ ಅನ್ನೋ ದಲ್ಲಾಳಿಗೆ ರೊಕ್ಕ ಕೊಡಬ್ಯಾಡ್ರಿ. ನಮ್ಮ ಕಾಲೇಜಿನವರು ಈ ಭರ್ತಿಯ ಪ್ರಕಟಣೆ ಬಂದಾಗ ಕನ್ನಡದಲ್ಲಿ ಬರೆಸಿ ಬಸ್ ನಿಲ್ದಾಣದಲ್ಲಿ ಹಚ್ಚಲಿ.