ಅರ್ಜಿ ಆನ್‌ಲೈನ್, ಅಲೆದಾಟ ಆಫ್‌ಲೈನ್!

ಸರ್ಕಾರಿ ಸೇವೆಗಳು ಮೊಬೈಲಿಗೇ ಬಂದರೂ ಜನ ಇನ್ನೂ ಏಜೆಂಟರ ಬಳಿ ಹೋಗುವುದೇಕೆ? 'ಜನರಿಗೆ ಕಂಪ್ಯೂಟರ್ ಜ್ಞಾನ ಸಾಲದು' ಎಂಬುದು ಸಿದ್ಧ ಉತ್ತರ. ಇದನ್ನು ನಾನು ಒಪ್ಪುವುದಿಲ್ಲ.

ನಮ್ಮದೇ 'ಭೂಮಿ' ಯೋಜನೆ ನೋಡಿ. ಎರಡು ದಶಕಗಳ ಹಿಂದೆ ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಕಂಪ್ಯೂಟರ್ ಪಹಣಿ ಸಿಗತೊಡಗಿದಾಗ, ಸಾಲಿನಲ್ಲಿ ನಿಂತ ರೈತರಲ್ಲಿ ಕೀಬೋರ್ಡ್ ಮುಟ್ಟಿದವರು ಎಷ್ಟಿದ್ದರು? ಆದರೂ ಬಂದರು. ಶುಲ್ಕ ಎಷ್ಟೆಂದು ಗೊತ್ತಿತ್ತು, ಗ್ರಾಮ ಲೆಕ್ಕಿಗರಿಗಾಗಿ ಕಾಯಬೇಕಿರಲಿಲ್ಲ, ಆ ಹಾಳೆ ಬ್ಯಾಂಕಿನಲ್ಲಿ ನಡೆಯುತ್ತಿತ್ತು. ಕೆಲಸ ಅಲ್ಲಿಗೇ ಮುಗಿಯುತ್ತದೆ ಎಂಬ ನಂಬಿಕೆಯೇ ಅವರನ್ನು ಕರೆತಂದದ್ದು.

ನಾನಿರುವ ಸಿಂಗಪುರದ ಗುಟ್ಟೂ ಇದೇ. ಇಲ್ಲಿ ಬಹುಪಾಲು ನೌಕರರ ಸಂಬಳದ ವಿವರವನ್ನು ಕಂಪನಿಯೇ ತೆರಿಗೆ ಇಲಾಖೆಗೆ ಕಳಿಸುತ್ತದೆ. 2003ರಲ್ಲಿ ಶುರುವಾದ 'ಸಿಂಗ್‌ಪಾಸ್' ಮೂಲಕ ಒಳಹೊಕ್ಕರೆ ಅಂಕಿಗಳು ಮೊದಲೇ ತುಂಬಿರುತ್ತವೆ. ನೋಡಿ, ಒಪ್ಪಿದರೆ ಮುಗಿಯಿತು. ಎಷ್ಟೋ ಮಂದಿ ರಿಟರ್ನ್ ಸಲ್ಲಿಸಬೇಕಾಗಿಯೇ ಇಲ್ಲ.

ಇನ್ನು ಭಾರತದಲ್ಲಿ ಬಾಡಿಗೆ ಆದಾಯವಿರುವ ಅನಿವಾಸಿಗಳ ಪಾಡು. ರಿಟರ್ನ್ ಸಲ್ಲಿಸುವುದು ಸುಲಭ. ಕಷ್ಟ ಇರುವುದು 30 ದಿನಗಳೊಳಗೆ ಅದನ್ನು ದೃಢೀಕರಿಸುವುದರಲ್ಲಿ. ಹತ್ತಿರದ ದಾರಿ ಆಧಾರ್ ಒಟಿಪಿ. ಆದರೆ ಅನಿವಾಸಿಗಳಿಗೆ ಆಧಾರ್ ಕಡ್ಡಾಯವಲ್ಲ. ಇದ್ದರೂ ಅದಕ್ಕೆ ಜೋಡಿಸಿದ ಹಳೆಯ ಸಿಮ್ ಎಷ್ಟೋ ಮಂದಿಯದು ನಿಂತುಹೋಗಿರುತ್ತದೆ. ನೆಟ್‌ಬ್ಯಾಂಕಿಂಗ್ ದಾರಿಯೂ ಕೈಕೊಟ್ಟರೆ ಇರುವ ಇನ್ನೊಂದು ದಾರಿ: ಹಾಳೆಗೆ ಸಹಿ ಹಾಕಿ ಬೆಂಗಳೂರಿನ ಸಿಪಿಸಿಗೆ ಅಂಚೆಯಲ್ಲಿ ಕಳಿಸುವುದು. ತಡವಾದರೆ ದೃಢೀಕರಣದ ದಿನವನ್ನೇ ಸಲ್ಲಿಕೆಯ ದಿನವೆಂದು ಎಣಿಸುತ್ತಾರೆ. ದಂಡ ಶುಲ್ಕವೂ ಬೀಳಬಹುದು.

ಒಮ್ಮೆ ಹೀಗೆ ಬಳಲಿದವರು ಮುಂದಿನ ವರ್ಷ ಪಾಸ್‌ವರ್ಡ್ ಸಮೇತ ಎಲ್ಲವನ್ನೂ ಬೇರೆಯವರ ಕೈಗೊಪ್ಪಿಸುತ್ತಾರೆ. ಲೆಕ್ಕಪರಿಶೋಧಕನಾದ ನನಗೆ ಇದರಿಂದ ಸಂಪಾದನೆ ಉಂಟು, ನಿಜ. ಆದರೆ ತನ್ನ ತೆರಿಗೆ ವಿವರವನ್ನು ತಾನೇ ನೋಡದ ನಾಗರಿಕನಿಗೆ ಅದರಲ್ಲಿನ ತಪ್ಪೂ ಗೊತ್ತಾಗುವುದಿಲ್ಲ. ನೋಟಿಸ್ ಬರುವುದು ಮಾತ್ರ ಅವನ ಹೆಸರಿಗೇ.

ಪರಿಹಾರ ದೂರವಿಲ್ಲ. 2023ರಲ್ಲಿ ಸಿಂಗಪುರ, ಅಮೆರಿಕ, ಯುಎಇ ಸೇರಿ 10 ದೇಶಗಳ ಮೊಬೈಲ್ ನಂಬರಿನಿಂದ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳಿಗೆ ಯುಪಿಐ ಬಳಸಲು ಒಪ್ಪಿಗೆ ಸಿಕ್ಕಿತು. ಹಣ ಕಳಿಸಲು ಆಗುವ ನಂಬರ್ ರಿಟರ್ನ್ ದೃಢೀಕರಿಸಲು ಏಕಾಗಬಾರದು?

ಆನ್‌ಲೈನಿನಲ್ಲಿ ಎಷ್ಟು ಅರ್ಜಿ ಬಂದವೆಂದು ಇಲಾಖೆಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಅವುಗಳಲ್ಲಿ ಕಚೇರಿಗೂ ಅಂಚೆಗೂ ಹೋಗದೆ ಮುಗಿದವು ಎಷ್ಟು ಎಂಬ ಲೆಕ್ಕವನ್ನೂ ಜೊತೆಗೆ ಕೊಡಲಿ.