ಎರಡನೆಯ ಗುಂಡಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಈಗ ಮನೆಯ ಹಿತ್ತಿಲಿನಲ್ಲೊಂದು ಶೌಚಾಲಯ ಕಾಣುವುದು ಅಪರೂಪವಲ್ಲ. 2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನವು ಕುಟುಂಬವೊಂದಕ್ಕೆ 12,000 ರೂಪಾಯಿಗಳ ಸಹಾಯಧನವನ್ನಿತ್ತು ಗೋಡೆಗಳನ್ನೆಬ್ಬಿಸಿತು. ಆದರೆ ಕಟ್ಟಿದ್ದನ್ನು ಕಾಪಾಡಿಕೊಳ್ಳುವ ವಿದ್ಯೆಯನ್ನು ಅಷ್ಟೇ ಶ್ರದ್ಧೆಯಿಂದ ಕಲಿಸಿದವರು ವಿರಳ. ಸೌದೆ, ಕುಳ್ಳು ತುಂಬಿಕೊಂಡು ನಿಂತ ಶೌಚಾಲಯವನ್ನು ಕಂಡೊಡನೆ ಜನರ ಅಜ್ಞಾನವನ್ನು ಹಳಿಯುವುದು ಸುಲಭ, ನ್ಯಾಯವಲ್ಲ.

ಕೈಯಿಂದ ನೀರು ಸುರಿಯುವ ಜೋಡಿ ಗುಂಡಿಯ ಶೌಚಾಲಯದ ಮರ್ಮವಿರುವುದು ಎರಡೇ ಕಡೆ. ಮೊದಲನೆಯದು, ಬೇಸಿನ್ನಿನ ಕೆಳಗಿನ ಬಾಗಿದ ಕೊಳವೆ. ಅದರಲ್ಲಿ ಸುಮಾರು 20 ಮಿಲಿಮೀಟರಿನಷ್ಟು ನೀರು ಸದಾ ನಿಂತಿರಬೇಕು. ಗುಂಡಿಯ ದುರ್ವಾಸನೆಯನ್ನೂ ನೊಣಗಳನ್ನೂ ತಡೆಯುವುದು ಆ ನೀರೇ. ಇಳಿಜಾರು ಸರಿಯಾಗಿರುವ ಬೇಸಿನ್ನಿಗೆ ಎರಡು ಲೀಟರ್ ನೀರು ಸಾಕು. ನಗರದ ಮಾದರಿಯ ಆಳವಾದ ಕೊಳವೆಯನ್ನು ಕೂರಿಸಿದರೆ ಬಕೆಟ್ಟುಗಟ್ಟಲೆ ಬೇಕಾಗಿ, ಬೇಸಗೆಯಲ್ಲಿ ಕೊಡ ನೀರಿಗೆ ಕಾಯುವ ಈ ಬಯಲುಸೀಮೆಯಲ್ಲಿ ಅಂಥ ಶೌಚಾಲಯವನ್ನು ಬಳಸುವವರು ಯಾರು?

ಎರಡನೆಯದು, ಕೊಳವೆ ಕವಲೊಡೆಯುವ ಚೇಂಬರ್. ಅದರ ಎರಡು ಬಾಯಿಗಳಲ್ಲಿ ಒಂದು ಮುಚ್ಚಿರಬೇಕು. ಐದಾರು ಜನರ ಸಂಸಾರದಲ್ಲಿ ಒಂದು ಗುಂಡಿ ತುಂಬಲು ಸುಮಾರು ಮೂರು ವರ್ಷ ಹಿಡಿಯುತ್ತದೆ. ಆಗ ಅದರ ಬಾಯಿಯನ್ನು ಮುಚ್ಚಿ ಇನ್ನೊಂದನ್ನು ತೆರೆದು, ತುಂಬಿದ್ದನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ, ಒಳಗಿನದು ವಾಸನೆಯಿಲ್ಲದ ಗೊಬ್ಬರವಾಗಿ ಹೊಲಕ್ಕೆ ಯೋಗ್ಯವಾಗುತ್ತದೆ. ಅವಸರದ ಗಾರೆ ಕೆಲಸದಲ್ಲಿ ಎರಡು ಬಾಯಿಗಳನ್ನೂ ತೆರೆದೇ ಬಿಟ್ಟರೆ ಗುಂಡಿಗಳೆರಡೂ ಒಟ್ಟಿಗೆ ತುಂಬಿ, ಇಡೀ ಏರ್ಪಾಡು ಒಮ್ಮೆಲೇ ನಿಂತುಹೋಗುತ್ತದೆ.

ಬಟ್ಟೆ, ಪ್ಲಾಸ್ಟಿಕ್, ಕಲ್ಲು ಒಳಗೆ ಬೀಳಬಾರದು; ಕಟ್ಟಿಕೊಂಡರೆ ಬಗ್ಗುವ ಬೆತ್ತದಿಂದ ಬಿಡಿಸಬೇಕೇ ಹೊರತು, ಮಲವನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳನ್ನೇ ಕೊಲ್ಲುವ ಆ್ಯಸಿಡ್ಡನ್ನು ಸುರಿಯಬಾರದು. ಬಚ್ಚಲ ನೀರನ್ನು ಗುಂಡಿಗೆ ಹರಿಸಕೂಡದು. ಮಸಾರಿ ನೆಲ ನೀರನ್ನು ಬೇಗ ಹೀರಿಕೊಳ್ಳುತ್ತದೆ. ಎರೆಭೂಮಿ ಹಾಗಲ್ಲ, ಅಲ್ಲಿ ಗುಂಡಿಯ ಸುತ್ತ ಮರಳು ತುಂಬದಿದ್ದರೆ ಮಳೆಗಾಲದಲ್ಲಿ ನೀರು ಇಂಗದೆ ಹಿಂದಕ್ಕೇ ಒತ್ತುತ್ತದೆ.

ಇಷ್ಟು ವಿವರವೇಕೆಂದರೆ, ಹಸಿಯಾಗಿ ತುಂಬಿದ ಗುಂಡಿಯನ್ನು ಬರಿದುಮಾಡಲು ನಮ್ಮ ಸಮಾಜ ಯಾರನ್ನು ಕರೆಯುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಈ ರಾಜ್ಯದಲ್ಲಿ ನಿಷೇಧಿಸಿದರು. ಬಿಂದೇಶ್ವರ ಪಾಠಕರು ಬಿಹಾರದಲ್ಲಿ ಜೋಡಿ ಗುಂಡಿಯ ಶೌಚಾಲಯವನ್ನು ಪ್ರಚಾರಕ್ಕೆ ತಂದದ್ದೂ ಆ ಹೀನ ದುಡಿಮೆಯ ವಿಮೋಚನೆಗಾಗಿಯೇ. 2013ರ ಕಾಯಿದೆ ಅದನ್ನು ಅಪರಾಧವೆಂದು ಮತ್ತೊಮ್ಮೆ ಸಾರಿತು. ತೆರೆದುಬಿಟ್ಟ ಚೇಂಬರಿನ ಒಂದು ಬಾಯಿ ಈ ಪ್ರಯತ್ನಗಳಷ್ಟನ್ನೂ ವ್ಯರ್ಥಗೊಳಿಸಬಲ್ಲದು.

ಆದುದರಿಂದ ಪ್ರತಿ ಗ್ರಾಮ ಪಂಚಾಯಿತಿಯೂ ಗಾರೆ ಕೆಲಸದವರೊಬ್ಬರಿಗೆ ಈ ದುರಸ್ತಿಯ ತರಬೇತಿ ಕೊಡಿಸಲಿ, ಚೇಂಬರನ್ನು ತೆರೆದು ನೋಡದೆ ಯಾವ ಬಿಲ್ಲಿಗೂ ಒಪ್ಪಿಗೆ ಕೊಡದಿರಲಿ. ಓದುಗರೂ ತಮ್ಮ ಹಿತ್ತಿಲಿನ ಚೇಂಬರಿನ ಮುಚ್ಚಳವನ್ನು ಎತ್ತಿ ನೋಡಬೇಕು. ಎರಡು ಬಾಯಿಗಳೂ ತೆರೆದಿದ್ದರೆ ಒಂದನ್ನು ಇಂದೇ ಇಟ್ಟಿಗೆಯಿಟ್ಟು ಮುಚ್ಚಿಸಬೇಕು.