ಮೇಲೋ ಕೆಳಗೋ
ಮನೆಯ ದೀಪ, ಬೀಗ, ಸ್ನಾನದ ನೀರುಗಳನ್ನೆಲ್ಲ ಮೊಬೈಲಿನಿಂದಲೇ ಆಳುವ ನಮ್ಮ ನೆರೆಯ ತಂತ್ರಜ್ಞ ಗೃಹಸ್ಥರು, ಪಕ್ಕದಲ್ಲಿದ್ದ ಪತ್ನಿಯು ಕೆಳಗಿನ ರಸ್ತೆಯನ್ನೇ ಹಿಡಿಯಿರೆಂದು ಬೇಡುತ್ತಿದ್ದರೂ, 'ನೇರ ಸಾಗಿ' ಎಂಬ ಪಥದರ್ಶಕ ಯಂತ್ರದ ವಾಣಿಯನ್ನೇ ಪ್ರಮಾಣವೆಂದು ಬಗೆದು ಸಿಲ್ಕ್ ಬೋರ್ಡಿನ ಬಳಿ ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆಯನ್ನೇರಿದ ಕಾರಣ, ಬೊಮ್ಮನಹಳ್ಳಿಯ ಛತ್ರದಲ್ಲಿದ್ದ ನಾಮಕರಣವು ಅವರ ಚಕ್ರಗಳಡಿಯಲ್ಲಿಯೇ ಹಿಂದುಳಿಯಿತು. 2010ರಲ್ಲಿ ತೆರೆದ, ಸುಮಾರು 10 ಕಿಲೋಮೀಟರ್ ಉದ್ದದ ಆ ಸೇತುವೆಯಿಂದ ಬಯಸಿದೆಡೆ ಇಳಿಯಲಾಗದು. ಯಂತ್ರವು ಮಾತ್ರ ಆಕಾಶಮಾರ್ಗದಲ್ಲಿಯೂ ನಿಶ್ಚಿಂತೆಯಿಂದ 'ಎಡಕ್ಕೆ ತಿರುಗಿ' ಎನ್ನುತ್ತಿತ್ತಂತೆ, ಹಿಂದಿನ ಆಸನದಲ್ಲಿ ಬೆಳ್ಳಿಯ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡಿದ್ದ ಅತ್ತೆಯವರು ಟೋಲ್ ಗೇಟಿನವರೆಗೂ ತುಟಿ ಬಿಚ್ಚಲಿಲ್ಲವಂತೆ. ಯಂತ್ರವನ್ನು ಹಳಿಯುವುದೂ ನ್ಯಾಯವಲ್ಲ: ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಪರಿಭ್ರಮಿಸುವ ಉಪಗ್ರಹಗಳಲ್ಲಿ ಕನಿಷ್ಠ 4ರ ಸಂಕೇತಗಳು ಬಂದು ಮುಟ್ಟುವ ಕಾಲವನ್ನು ಅಳೆದು ಸ್ಥಾನವನ್ನು ಗಣಿಸುವ ಈ ವಿದ್ಯೆಯು ಅಕ್ಷಾಂಶ ರೇಖಾಂಶಗಳಲ್ಲಿ ಎಷ್ಟು ನಿಪುಣವೋ ಔನ್ನತ್ಯದಲ್ಲಿ ಅಷ್ಟು ನಿಪುಣವಲ್ಲವಾದ್ದರಿಂದ, ಒಂದರ ಮೇಲೊಂದಿರುವ ಎರಡು ರಸ್ತೆಗಳಲ್ಲಿ ನಾವಿರುವುದು ಯಾವುದರಲ್ಲೆಂಬುದು ಅದಕ್ಕೆ ಬಹುಮಟ್ಟಿಗೆ ಊಹೆಯ ವಿಷಯ. (ಪತ್ನಿಗೆ ಊಹೆ ಬೇಕಿರಲಿಲ್ಲ, ಕಿಟಕಿಯಿತ್ತು.) 2025ರ ಆಗಸ್ಟಿನಿಂದ ಬೊಮ್ಮನಹಳ್ಳಿಯಲ್ಲಿ ಮೆಟ್ರೋ ನಿಲ್ಲುತ್ತದೆ, ಮುಹೂರ್ತವಿರುವವರು ಅದನ್ನೇ ಹತ್ತುವುದು ಲೇಸು.